ಬಲಗಣ್ಣಿಗೆ ತುಟಿಯ ನೀರು

ಡಾಕ್ಟರಮ್ಮ ನನ್ನ ಕೆಳತುಟಿಯನ್ನು ಎರಡು ಬೆರಳಲ್ಲಿ ಹಿಡಿದು ಹೊರಗೆ ಮಡಚಿದರು. ಹತ್ತಿಯಿಂದ ಒರೆಸಿ ಒಣಗಿಸಿ, ದೀಪ ಹಿಡಿದು ಸುಮ್ಮನೆ ನೋಡುತ್ತ ಕೂತರು. ತುಟಿ ಹಿಡಿಸಿಕೊಂಡು ಕೂತವಳ ಫಜೀತಿ ಬೇರೆಯವರಿಗೆ ತಿಳಿಯುವುದಿಲ್ಲ. ಜೊಲ್ಲು ನುಂಗುವ ಹಾಗಿಲ್ಲ, ನಗುವ ಹಾಗಿಲ್ಲ. ಒಂದು ನಿಮಿಷ ಕಳೆದ ಮೇಲೆ ತುಟಿಯ ಒಳಮೈ ಮೇಲೆ ಸಾಸಿವೆಗಿಂತ ಸಣ್ಣ ಹನಿಗಳು ಒಂದೊಂದಾಗಿ ಎದ್ದವಂತೆ. "ಛಾನ್!" ಚೆನ್ನಾಗಿದೆ, ಎಂದು ತುಟಿ ಬಿಟ್ಟರು. ನಿಮ್ಮ ಬಾಯಲ್ಲಿ ನೀರು ಬೇಕಾದಷ್ಟಿದೆ, ಕಣ್ಣಲ್ಲಿ ಇಲ್ಲ, ಇಲ್ಲಿಂದ ತೆಗೆದು ಅಲ್ಲಿ ನೆಡೋಣ ಎಂದು ಮರಾಠಿಯಲ್ಲಿ ಹೇಳಿದರು. ಕುಂಡದ ಗಿಡ ಬದಲಿಸುವವರ ಧಾಟಿ ಇತ್ತು ಅವರದು.

ನನ್ನ ಕಣ್ಣು ಒಣಗಿದ್ದು ಕಂಪ್ಯೂಟರ್ ನೋಡಿ ಅಲ್ಲ. ಇಪ್ಪತ್ತೆರಡನೇ ವಯಸ್ಸಿನಲ್ಲಿ ಬಂದ ಒಂದು ರೋಗ ಮೈಯ ಚರ್ಮ, ಬಾಯಿಯ ಒಳಗು, ಕಣ್ಣಿನ ಒಳಗು ಎಲ್ಲ ಸುಲಿದು ಹೋಗಿತ್ತು. ಮೈ ವಾಸಿಯಾಯಿತು, ಬಾಯಿ ವಾಸಿಯಾಯಿತು. ಕಣ್ಣು ಮಾತ್ರ ಕಲೆಗಟ್ಟಿತು. ನೀರು ಬರುವ ದಾರಿಗಳೆಲ್ಲ ಮುಚ್ಚಿಹೋಗಿ, ರೆಪ್ಪೆಯ ಒಳಅಂಚು ಗಟ್ಟಿಯಾಗಿ, ಮಿಟುಕಿಸಿದಾಗಲೆಲ್ಲ ಕಣ್ಣಗುಡ್ಡೆಗೆ ಪಾಲಿಶ್ ಕಾಗದ ಉಜ್ಜಿದಂತಾಗುತ್ತಿತ್ತು. ಪರೀಕ್ಷೆಗೆಂದು ರೆಪ್ಪೆಯಲ್ಲಿ ಸಿಕ್ಕಿಸುವ ಕಾಗದದ ಪಟ್ಟಿ ಐದು ನಿಮಿಷವಾದರೂ ಅಂಗಡಿಯಿಂದ ತಂದಷ್ಟೇ ಒಣದಾಗಿ ಹೊರಬರುತ್ತಿತ್ತು. ಎಡಗಣ್ಣು ಆರು ವರ್ಷದ ಹಿಂದೆಯೇ ಹುಣ್ಣಾಗಿ, ತೂತಾಗಿ, ಹೋಯಿತು. ಉಳಿದದ್ದು ಬಲಗಣ್ಣೊಂದು. ಅದೂ ದಿನದಿನಕ್ಕೆ ಮಸುಕಾಗುತ್ತಿತ್ತು. ಅದೂ ಹೋದರೆ ಪುಣೆಯ ಧನಕವಡಿಯ ಒಂದು ಶಾಲೆಯ ಕಚೇರಿಯಲ್ಲಿ ಫೋನ್ ಎತ್ತುವ ನನ್ನ ಕೆಲಸವೂ ಹೋಗುತ್ತಿತ್ತು, ನಾನೊಬ್ಬಳೇ ರಸ್ತೆ ದಾಟುವುದೂ ಹೋಗುತ್ತಿತ್ತು.

"ಇದು ದೃಷ್ಟಿ ತಂದುಕೊಡುವ ಆಪರೇಷನ್ ಅಲ್ಲ, ಇದ್ದ ದೃಷ್ಟಿ ಒಣಗಿ ಸಾಯದಂತೆ ಕಾಯುವುದು" ಎಂದು ಡಾಕ್ಟರಮ್ಮ ಬಿಡಿಸಿ ಹೇಳಿದರು. ತುಟಿಯ ಒಳಗಿನ ಜೊಲ್ಲಿನ ಸಣ್ಣ ಗಂಟುಗಳನ್ನು ಅಲ್ಲಿನ ತೆಳುಚರ್ಮದ ಸಮೇತ ತೆಗೆದು ಮೇಲಿನ ರೆಪ್ಪೆಯ ಒಳಗೆ ಹೊಲಿಯುವುದು. ಹಿಡಿದರೆ ಅವು ಅಲ್ಲಿ ಕೂತು ತಮ್ಮ ಪಾಡಿಗೆ ಜಿನುಗುತ್ತವೆ. ಆಮೇಲೆ ಅವರು ಕೇಳಿದ್ದು ಒಂದೇ ಪ್ರಶ್ನೆ. ಇಂಥ ರೋಗ ಹೆಚ್ಚಾಗಿ ಔಷಧದಿಂದ ಬರುತ್ತದೆ, ನಿಮಗೆ ಬಂದದ್ದು ಯಾವುದರಿಂದ? ಅದೇ ಜಾತಿಯ ಗುಳಿಗೆ ಇನ್ನೊಮ್ಮೆ ಹೊಟ್ಟೆಗೆ ಹೋದರೆ ಕಣ್ಣಷ್ಟೇ ಅಲ್ಲ, ಜೀವವೂ ಹೋಗಬಹುದು.

ನಾನು ಬಾಯಿ ತೆರೆಯುವ ಮೊದಲೇ ಪಕ್ಕದ ಸ್ಟೂಲಿನಿಂದ ನನ್ನ ಅಣ್ಣ ಉತ್ತರ ಕೊಟ್ಟ. "ಕಾಹೀ ನಾಹೀ ಮ್ಯಾಡಮ್. ತಾಪಾಚೀ ಸಾಧೀ ಗೋಳಿ." ಸಾದಾ ಜ್ವರದ ಗುಳಿಗೆ, ಅಷ್ಟೇ. ನಾನು ಹೌದೆಂದು ತಲೆಯಾಡಿಸಿದೆ. ಹದಿಮೂರು ವರ್ಷದಿಂದ ಎಲ್ಲ ಡಾಕ್ಟರರ ಮುಂದೆಯೂ ನನ್ನ ಪರವಾಗಿ ಅವನೇ ಮಾತಾಡುವುದು. ಅವನು ಮೆಡಿಕಲ್ ಅಂಗಡಿಯವನು, ಅವನಿಗೆ ಗೊತ್ತಿರದ್ದು ನನಗೇನು ಗೊತ್ತು?

ಅಪ್ಪ ವಿಜಯಪುರದ ಕಡೆಯವರು, ಪುಣೆಯ ಒಂದು ಬೆಲ್ಲದ ಅಡತಿ ಅಂಗಡಿಯಲ್ಲಿ ಗುಮಾಸ್ತರಾಗಿದ್ದರು. ನಾನು ಹತ್ತನೇ ಇಯತ್ತೆಯಲ್ಲಿದ್ದಾಗ ತೀರಿಕೊಂಡರು. ನನಗಿಂತ ಒಂಬತ್ತು ವರ್ಷ ದೊಡ್ಡವನಾದ ಅಣ್ಣ ಓದು ಬಿಟ್ಟು ನಮ್ಮ ಓಣಿಯ ಮೆಡಿಕಲ್‌ನಲ್ಲಿ ಕೌಂಟರಿಗೆ ನಿಂತ. ಅವ್ವನನ್ನೂ ನನ್ನನ್ನೂ ಸಾಕಿದ್ದು, ನನ್ನನ್ನು ಬಿ.ಕಾಂ. ಮಾಡಿಸಿದ್ದು ಅವನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಅವನು ಕೆಟ್ಟವನೆಂದು ಹೇಳಿ ಮುಗಿಸುವುದು ಬಹಳ ಸುಲಭವಿತ್ತು. ಕೆಟ್ಟವನಾಗಿದ್ದರೆ ನನಗೆ ಇಷ್ಟು ಉರಿಯುತ್ತಿರಲಿಲ್ಲ.

ಬಿ.ಕಾಂ. ಮುಗಿದ ವರ್ಷ ಮಗರಪಟ್ಟಾದ ಒಂದು ಕಚೇರಿಯಲ್ಲಿ ಕೆಲಸ ಸಿಕ್ಕಿತ್ತು. ಎರಡು ಬಸ್ಸು ಬದಲಿಸಿ ಹೋಗಬೇಕು. ದಾರಿಯಲ್ಲಿ ತೊಂದರೆ ಬೇಡವೆಂದು ನೀರು ಕುಡಿಯುವುದನ್ನೇ ಬಿಟ್ಟಿದ್ದೆ, ಎರಡನೇ ತಿಂಗಳಿಗೆ ಉರಿಮೂತ್ರ ಶುರುವಾಯಿತು. ಡಾಕ್ಟರ ಹತ್ತಿರ ಹೋಗಲು ನಾಚಿಕೆ. ಅವ್ವನಿಗೆ ಹೇಳಲೂ ನಾಚಿಕೆ. ಅಣ್ಣನ ಹೆಂಡತಿಗೆ, ನಮ್ಮ ವೈನಿಗೆ, ಕಿವಿಯಲ್ಲಿ ಹೇಳಿದೆ. ವೈನಿ ಅಣ್ಣನ ಕಿವಿಯಲ್ಲಿ ಹೇಳಿದರು. ಮರುದಿನ ವೈನಿಯ ಕೈಯಿಂದ ನನಗೊಂದು ಕಾಗದದ ಪೊಟ್ಟಣ ಬಂತು.

ಸಣ್ಣ ಮೆಡಿಕಲ್‌ಗಳ ರೀತಿ ನಿಮಗೆ ಗೊತ್ತಿರಬಹುದು. ಎರಡು ಗುಳಿಗೆ, ನಾಲ್ಕು ಗುಳಿಗೆ ಕೇಳುವವರೇ ಜಾಸ್ತಿ. ಕತ್ತರಿಯಿಂದ ಪಟ್ಟಿ ಕತ್ತರಿಸುತ್ತಾರೆ. ಹೆಸರು ಇರುವ ತುಂಡು ಒಬ್ಬರಿಗೆ ಹೋಗುತ್ತದೆ, ಹೆಸರಿಲ್ಲದ ತುಂಡು ಇನ್ನೊಬ್ಬರಿಗೆ. ನನ್ನ ಪೊಟ್ಟಣದಲ್ಲಿ ಬಂದದ್ದು ಹೆಸರಿಲ್ಲದ ತುಂಡುಗಳು, ಹಳೇ ಕ್ಯಾಲೆಂಡರ್ ಹಾಳೆಯಲ್ಲಿ ಸುತ್ತಿದ್ದವು. "ಮುಂಜಾನಿ ಒಂದು, ಸಂಜಿಗಿ ಒಂದು ಅಂತ" ಎಂದರು ವೈನಿ. ಎರಡೇ ದಿನದಲ್ಲಿ ಉರಿ ನಿಂತಿತು, ವಾರವಿಡೀ ನುಂಗಿ ಮುಗಿಸಿದೆ. ಅಣ್ಣ ಆ ವಿಷಯ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಅಣ್ಣ ತಂಗಿಯರ ನಡುವೆ ಅಂಥ ಮಾತು ನಮ್ಮ ಮನೆಯಲ್ಲಿ ಇಲ್ಲ.

ಇನ್ನೊಂದು ವಾರಕ್ಕೆ ಜ್ವರ ಬಂತು, ಅಣ್ಣ ತಂದುಕೊಟ್ಟ ಜ್ವರದ ಗುಳಿಗೆ ನುಂಗಿದೆ. ಗಂಟಲು ಉರಿಯಿತು, ಕಣ್ಣು ಕೆಂಪಗಾಯಿತು, ತುಟಿಯ ಮೇಲೆ, ಎದೆಯ ಮೇಲೆ ಗುಳ್ಳೆ ಎದ್ದವು. ಅವ್ವ ನನ್ನ ಅಂಗಿ ಸರಿಸಿ ನೋಡಿ, ಎರಡು ಹೆಜ್ಜೆ ಹಿಂದೆ ಸರಿದು ಕೈ ಮುಗಿದಳು.

"ಅಮ್ಮ ಬಂದಾಳ. ಯಾರೂ ಚಪ್ಪಲ ಹಾಕ್ಕೊಂಡ ಒಳಗ ಬರಬ್ಯಾಡ್ರಿ."

ಅಮ್ಮ ಬಂದ ಮನೆಯಲ್ಲಿ ಒಗ್ಗರಣೆ ಹಾಕುವಂತಿಲ್ಲ. ಔಷಧ ಕೊಡುವಂತಿಲ್ಲ. ಕೊಟ್ಟರೆ ಅವಳು ಮುನಿಯುತ್ತಾಳೆ. ನನ್ನನ್ನು ಬೇವಿನ ತಪ್ಪಲಿನ ಮೇಲೆ ಮಲಗಿಸಿದರು. ಅವ್ವ ತಾನೂ ಊಟ ಬಿಟ್ಟು, ಮೊಸರನ್ನದ ಎಡೆ ಮಾಡಿ, ನನಗೆ ಬಂದವಳ ಜೊತೆ ಮಾತಾಡುತ್ತ ಕೂತಳು. "ತಣ್ಣಗ ಬಂದಿ, ತಣ್ಣಗ ಹೋಗವ್ವಾ" ಎಂದು ಬೇಡಿಕೊಳ್ಳುತ್ತಿದ್ದಳು. ನಾಲ್ಕು ದಿನ ಹೀಗೆಯೇ ನಡೆಯಿತು. ಅಣ್ಣ ದಿನಕ್ಕೆ ನಾಲ್ಕೈದು ಸಲ ಬಾಗಿಲಲ್ಲಿ ಬಂದು ನಿಲ್ಲುತ್ತಿದ್ದ. ಮೂರನೇ ದಿನದ ಹೊತ್ತಿಗೆ ನನ್ನ ಕಣ್ಣು ಅಂಟಿಕೊಂಡಿದ್ದವು, ಅವನು ಬಂದದ್ದು ಉಸಿರಿನಿಂದ ಗೊತ್ತಾಗುತ್ತಿತ್ತು. ಐದನೇ ದಿನ ಬೆನ್ನಿನ ಚರ್ಮ ಹಾಸಿಗೆಗೆ ಅಂಟಿ ಬಂದಾಗ "ಸಾಕವ್ವಾ!" ಎಂದು ಕೂಗಿ, ನನ್ನನ್ನು ಬಾಚಿ ಎತ್ತಿಕೊಂಡು ರಿಕ್ಷಾಕ್ಕೆ ಓಡಿದ.

ಆಸ್ಪತ್ರೆಯಲ್ಲಿ ಇದು ಅಮ್ಮನೂ ಅಲ್ಲ ಅಜ್ಜಿಯೂ ಅಲ್ಲ, ಔಷಧದ ವಿಕಾರ ಇರಬೇಕು ಎಂದರು. ಏನು ಕೊಟ್ಟಿದ್ದಿರಿ ಎಂದು ಕೇಳಿದರು. ಬಾಯಿಯೊಳಗೆಲ್ಲ ಹುಣ್ಣು, ನಾನು ಮಾತಾಡುವ ಸ್ಥಿತಿಯಲ್ಲಿರಲಿಲ್ಲ. ಅಣ್ಣ ಹೇಳಿದ, ಜ್ವರದ ಗುಳಿಗೆ. ಅವರು ಬರೆದುಕೊಂಡರು. ಮೊದಲ ದಿನವೇ ತಂದು ಆ ಔಷಧ ಯಾವುದೆಂದು ಹೇಳಿದ್ದರೆ ಕಣ್ಣಿಗೆ ಇಷ್ಟು ಹಾನಿ ಆಗುತ್ತಿರಲಿಲ್ಲವೇನೋ ಎಂದರು. ನಮ್ಮ ಮನೆ ಆ ಮಾತಿನ ಅರ್ಧವನ್ನು ಮಾತ್ರ ಹಿಡಿದುಕೊಂಡಿತು. ಮೊದಲ ದಿನವೇ ತರಲಿಲ್ಲ. ತರಗೊಡದವಳು ಯಾರು? ಅವ್ವ.

ಒಂದು ವರ್ಷ ಕಳೆದ ಮೇಲೆ ಒಂದು ಮಧ್ಯಾಹ್ನ ಊಟಕ್ಕೆ ಕೂತಾಗ ನಾನು ಆ ಮಾತು ಆಡಿದೆ. ಅಂದು ನನ್ನನ್ನು ನೋಡಿ ಹೋಗಿದ್ದ ಹುಡುಗನ ಮನೆಯವರು ಸಂಬಂಧ ಬೇಡವೆಂದು ತಿಳಿಸಿದ್ದರು. "ನಿನ್ನ ಅಮ್ಮ ಬರಲಿಲ್ಲವ್ವಾ, ನೀನ ನನ್ನ ಕಣ್ಣ ತಗದಿ. ತಪ್ಪಲಾ ಹಾಸಿ, ಕೈ ಮುಕ್ಕೊಂತ ಕುಂತು ತಗದಿ" ಎಂದೆ. ನನಗೆ ಅಷ್ಟು ದೂರದ ಮುಖ ಕಾಣುತ್ತಿರಲಿಲ್ಲ, ಆದ್ದರಿಂದ ಅವ್ವ ಹೇಗೆ ನೋಡಿದಳು ಎಂದು ಹೇಳಲಾರೆ. ಅಣ್ಣ ನನ್ನ ಎಡಕ್ಕೇ ಕೂತು ಉಣ್ಣುತ್ತಿದ್ದ. ವೈನಿಗೆ ಇನ್ನೊಂದು ರೊಟ್ಟಿ ಹಾಕು ಎಂದ. ಅದು ನನಗೆ ಚೆನ್ನಾಗಿ ನೆನಪಿದೆ.

ಅಂದಿನಿಂದ ನಮ್ಮ ಮನೆಗೆ ಬೇವು ಬರಲಿಲ್ಲ. ಯುಗಾದಿಗೆ ಜಗತ್ತೆಲ್ಲ ಬೇವು ಬೆಲ್ಲ ತಿಂದರೆ ನಮ್ಮ ಮನೆಯಲ್ಲಿ ಬರೀ ಬೆಲ್ಲ. ಅವ್ವ ನನ್ನ ಕಣ್ಣಿಗೆ ಹನಿ ಹಾಕುವುದನ್ನೂ ಬಿಟ್ಟಳು. "ನನ್ನ ಕೈ ಬ್ಯಾಡ, ಅಣ್ಣನ ಕೈಲೆ ಹಾಕಿಸ್ಕೊ" ಎನ್ನುತ್ತಿದ್ದಳು. ಮೂರು ವರ್ಷದ ಹಿಂದೆ ತೀರಿಹೋದಳು. ಕಣ್ಣೀರಿಲ್ಲದವಳು ಅಳುವುದು ಹೇಗೆಂದು ಯಾರಿಗೂ ಗೊತ್ತಿರುವುದಿಲ್ಲ. ಮುಖ ಸೊಟ್ಟಗಾಗುತ್ತದೆ, ಕಣ್ಣು ಬೆಂಕಿಯಾಗುತ್ತದೆ, ಹೊರಗೆ ಏನೂ ಬರುವುದಿಲ್ಲ. ಬಂದ ಹೆಂಗಸರು ಮಗಳು ಒಂದು ಹನಿಯೂ ಹಾಕಲಿಲ್ಲವೆಂದು ಆಡಿಕೊಂಡರು. ಅವರ ಮಾತಿಗಿಂತ ನನಗೆ ನನ್ನದೇ ಮಾತು ನೋಯುತ್ತಿತ್ತು, ಆದರೂ ಸತ್ಯವನ್ನೇ ಆಡಿದ್ದೆನಲ್ಲ ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದೆ.

ಇಷ್ಟು ವರ್ಷ ಅಣ್ಣ ನನ್ನನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಂಡ. ಹದಿನೈದು ನಿಮಿಷಕ್ಕೊಮ್ಮೆ ಹನಿ. ನನ್ನದೇ ರಕ್ತ ತೆಗೆದು ತಯಾರಿಸಿದ ಹನಿಯ ಸೀಸೆಗಳನ್ನು ಫ್ರಿಜ್ಜಿನಲ್ಲಿ ಮೊಸರಿನ ಪಕ್ಕ ಇಡಬೇಕಿತ್ತು. ವೈನಿ ಮುಖ ತಿರುಗಿಸಿದರೆ ಅವನು ಮೊಸರನ್ನೇ ಹೊರಗಿಟ್ಟ. ಸ್ಕೂಟರ್ ಹಿಂದೆ ಕೂರಿಸಿಕೊಂಡು, ಗಾಳಿ ತಾಗದಂತೆ ನನಗೆ ದಪ್ಪ ಕನ್ನಡಕ ಹಾಕಿ, ಒದ್ದೆ ಕರವಸ್ತ್ರ ಕೊಟ್ಟು, ಪುಣೆಯ ಕಣ್ಣಿನ ಆಸ್ಪತ್ರೆಗಳನ್ನೆಲ್ಲ ಸುತ್ತಿಸಿದ. ಇಂಥ ಅಣ್ಣ ಏಳು ಜನ್ಮಕ್ಕೂ ಸಿಗುವುದಿಲ್ಲ ಎನ್ನುತ್ತಿದ್ದರು ಎಲ್ಲರೂ. ನಾನೂ ಹಾಗೇ ಅಂದುಕೊಂಡಿದ್ದೆ. ಪ್ರತಿ ವರ್ಷ ದೀಪಾವಳಿಯ ಭಾವುಬೀಜಕ್ಕೆ ಆರತಿ ಎತ್ತಿ ಅವನ ಕಾಲು ಮುಟ್ಟುತ್ತಿದ್ದೆ.

ಒಮ್ಮೆ ಮಾತ್ರ ಕೇಳಿದ್ದೆ, ಅಣ್ಣಾ, ಜ್ವರಕ್ಕಿಂತ ಮೊದಲು ವೈನಿ ಒಂದು ಪೊಟ್ಟಣ ತಂದುಕೊಟ್ಟಿದ್ದರಲ್ಲ, ಅದರಲ್ಲಿ ಏನಿತ್ತು ಎಂದು. "ಅದಾ? ಮೈ ತಂಪ ಮಾಡು ಗುಳಿಗಿ. ವಿಟಮಿನ್ ಇದ್ದಂಗ. ಅದರಿಂದ ಏನೂ ಆಗಂಗಿಲ್ಲ" ಎಂದ. ನಾಚಿಕೆಯ ವಿಷಯ, ನಾನೂ ಮುಂದೆ ಕೆದಕಲಿಲ್ಲ.

ಆಪರೇಷನ್ ತಾರೀಖು ಗೊತ್ತಾದ ವಾರ ಮನೆಯಲ್ಲಿ ಬೇರೆಯದೇ ಗದ್ದಲ. ಬಾಯಿಯ ಗಂಟು ಕಣ್ಣಲ್ಲಿ ಕೂತರೆ ಕಣ್ಣಲ್ಲಿ ಹರಿಯುವುದು ಎಂಜಲಲ್ಲವೇ ಎಂದು ವೈನಿಗೆ ಚಿಂತೆ ಹತ್ತಿತು.

"ಹಂಗಲ್ಲ, ಎಂಜಲಾ ಕಣ್ಣಾಗ ಇಟ್ಕೊಂಡು ದೇವರ ಮುಂದ ಹೆಂಗ ದೀಪ ಹಚ್ಚತೀರಿ?"

"ವೈನಿ, ನಿಮ್ಮ ನಾಲಿಗಿ ಹುಟ್ಟಿದಾಗಿಂದ ಎಂಜಲಾಗನ ಬಿದ್ದೈತಿ. ಅದರಲೇನ ಹಾಡ ಹೇಳ್ತೀರಲ್ಲ ದೇವರಿಗೆ?"

ಅಣ್ಣ ನಕ್ಕ. ವೈನಿ ನಗಲಿಲ್ಲ. ಇನ್ನು ಮುಂದೆ ದೇವರ ದೀಪ ತಾವೇ ಹಚ್ಚುವುದಾಗಿ ಹೇಳಿ ಎದ್ದರು. ಹಚ್ಚಿಕೊಳ್ಳಲಿ ಬಿಡು ಎಂದುಕೊಂಡೆ.

ಆಪರೇಷನ್ ದಿನ ಬೆಳಿಗ್ಗೆ ಹಸಿರು ಗೌನು ಹಾಕಿಸಿ ನನ್ನನ್ನು ಒಂದು ಮಂಚದ ಮೇಲೆ ಕೂರಿಸಿದರು. ಅಣ್ಣ ಹೊರಗೆ ಕಾಯುತ್ತಿದ್ದ. ನರ್ಸ್ ಬಂದು ಕೈಗೆ ಪಟ್ಟಿ ಕಟ್ಟಿದಳು. ಕೆಂಪು ಬಣ್ಣ ಅಂತ ನನಗೂ ಗೊತ್ತಾಯಿತು, ಅಷ್ಟು ಹತ್ತಿರದ್ದು ಕಾಣುತ್ತಿತ್ತು. ಕೆಂಪು ಯಾಕೆಂದು ಕೇಳಿದೆ.

"ಸಲ್ಫಾಚೀ ಅಲರ್ಜೀ ಆಹೇ ನಾ, ತಾಯಿ."

ಸಲ್ಫಾ ಜಾತಿಯ ಗುಳಿಗೆ ನನಗೆ ಒಗ್ಗುವುದಿಲ್ಲವಂತೆ. ನನಗೆ ಅಂಥದ್ದೇನೂ ಇಲ್ಲ, ಬೇರೆ ಯಾರದೋ ಫೈಲ್ ತಂದಿದ್ದೀರಿ ಎಂದೆ. ಅವಳು ನನ್ನ ಹೆಸರು ಓದಿದಳು, ವಯಸ್ಸು ಓದಿದಳು, ಧನಕವಡಿ ಎಂದೂ ಓದಿದಳು. ಆಮೇಲೆ ಸಹಜವಾಗಿ, ಗ್ಲೂಕೋಸ್ ಬಾಟಲಿ ಸರಿಮಾಡುತ್ತಲೇ, "ತುಮ್ಚ್ಯಾ ಭಾವಾನೇಚ ಸಾಂಗಿತಲಂಯ" ಎಂದಳು. ನಿಮ್ಮ ಅಣ್ಣನೇ ಹೇಳಿದ್ದು. ಕಣ್ಣಿನ ಒತ್ತಡ ಏರಿದರೆ ಇಲ್ಲಿ ಕೊಡುವ ಗುಳಿಗೆಯೂ ಅದೇ ಜಾತಿಯದು, ತಪ್ಪಿ ಕೂಡ ಕೊಡಬಾರದೆಂದೇ ಈ ಪಟ್ಟಿ.

ಡಾಕ್ಟರಮ್ಮ ಬಂದಾಗ ಕೇಳಿದೆ. ಅವರಿಗೇ ಆಶ್ಚರ್ಯವಾಯಿತು. ತುಟಿ ಪರೀಕ್ಷೆ ಮಾಡಿದ ಮರುದಿನ ಅಣ್ಣ ಒಬ್ಬನೇ ಬಂದು, ಬಾಗಿಲು ಹಾಕಿ, ಹೇಳಿದ್ದನಂತೆ. ಹದಿಮೂರು ವರ್ಷದ ಹಿಂದೆ ಉರಿಮೂತ್ರಕ್ಕೆಂದು ತಾನೇ ಸಲ್ಫಾ ಗುಳಿಗೆ ಕೊಟ್ಟಿದ್ದೆ, ಡಾಕ್ಟರ ಚೀಟಿ ಇರಲಿಲ್ಲ ಎಂದು.

"ನಿಮಗೆ ಗೊತ್ತೇ ಇದೆ ಅಂದರು. ಆ ಮಾತು ತೆಗೆದರೆ ಅಳುತ್ತೀರಿ, ನಿಮ್ಮ ಮುಂದೆ ಎತ್ತಬೇಡಿ ಅಂತ ಕೈ ಮುಗಿದರು."

ಅಳುತ್ತೇನಂತೆ! ಯಾರ ಕಣ್ಣಿನಲ್ಲಿ ಹನಿ ನೀರಿಲ್ಲವೆಂದು ಈ ಮಂಚದ ಮೇಲೆ ಕೂರಿಸಿದ್ದರೋ, ಅವಳು ಅಳುತ್ತಾಳಂತೆ.

ಆ ಹತ್ತು ನಿಮಿಷದಲ್ಲಿ ನನ್ನ ಹದಿಮೂರು ವರ್ಷ ತಲೆಕೆಳಗಾಗಿ ನಿಂತವು. ಗುಳಿಗೆ ಕೊಟ್ಟದ್ದಕ್ಕೆ ನನಗೆ ಸಿಟ್ಟಿರಲಿಲ್ಲ. ನನ್ನ ಉರಿ ನಿಲ್ಲಲಿ ಎಂದೇ ಕೊಟ್ಟ, ಲಕ್ಷ ಜನ ಅದೇ ಗುಳಿಗೆ ನುಂಗಿ ಆರಾಮಾಗಿದ್ದಾರೆ. ಆದರೆ ಬಾಗಿಲಲ್ಲಿ ನಾಲ್ಕು ದಿನ ನಿಂತಿದ್ದನಲ್ಲ? ಮೆಡಿಕಲ್‌ನಲ್ಲಿ ಅಷ್ಟು ವರ್ಷ ಕೆಲಸ ಮಾಡಿದವನು, ನನ್ನ ತುಟಿ ನೋಡಿದ ಮೊದಲ ದಿನವೇ ಅವನಿಗೆ ಹೊಳೆದಿತ್ತು. ಅವನ ತಪ್ಪು ಮುಚ್ಚಿಕೊಳ್ಳಲು ಅವ್ವನ ದೇವತೆ ಸರಿಯಾದ ಹೊತ್ತಿಗೆ ಬಂದಿದ್ದಳು. ನಾನು ಅವ್ವನನ್ನು ಅಂದದ್ದು ಅವನ ಕಿವಿಯ ಪಕ್ಕದಲ್ಲೇ. ಅವನು ರೊಟ್ಟಿ ಹಾಕಿಸಿಕೊಂಡ. ಬೇಲಿಯೇ ಎದ್ದು ಹೊಲ ಮೇಯ್ದಿತ್ತು, ನಾನು ಆ ಬೇಲಿಗೆ ಆರತಿ ಎತ್ತುತ್ತಿದ್ದೆ. ನಾನು ಅವನಿಗೆ ಕೊಟ್ಟ ಒಂದೊಂದು ಕೃತಜ್ಞತೆಯನ್ನೂ ಅವನು ತನ್ನದಲ್ಲ ಎಂದು ಗೊತ್ತಿದ್ದೇ ತೆಗೆದುಕೊಂಡಿದ್ದ.

ಮನಸ್ಸು ಸರಿಯಿಲ್ಲದಿದ್ದರೆ ಇನ್ನೊಂದು ದಿನ ಮಾಡೋಣವೇ ಎಂದು ಡಾಕ್ಟರಮ್ಮ ಕೇಳಿದರು. ಬೇಡ, ಇವತ್ತೇ ಮಾಡಿ ಎಂದೆ. ಹೊರಗೆ ಅವನ ಹಿಂದೆ ಸ್ಕೂಟರ್ ಮೇಲೆ ಕೂತು ವಾಪಸು ಹೋಗುವುದಕ್ಕಿಂತ ಕತ್ತರಿಯ ಕೆಳಗೆ ಮಲಗುವುದು ವಾಸಿ ಅನ್ನಿಸಿತು. ಅದಕ್ಕಿಂತ ದೊಡ್ಡ ಕಾರಣ ಇನ್ನೊಂದಿತ್ತು. ಕೇಳುವಾಗ ಅವನ ಮುಖ ನನಗೆ ಕಾಣಬೇಕಿತ್ತು. ಅದಕ್ಕಾದರೂ ಈ ಕಣ್ಣು ಉಳಿಯಬೇಕಿತ್ತು.

ತುಟಿಗೆ ಸೂಜಿ, ರೆಪ್ಪೆಗೆ ಸೂಜಿ. ಆಮೇಲೆ ಎಳೆಯುವುದು ಗೊತ್ತಾಗುತ್ತಿತ್ತು, ನೋವು ಗೊತ್ತಾಗುತ್ತಿರಲಿಲ್ಲ. ಡಾಕ್ಟರಮ್ಮ ಕೆಳತುಟಿಯ ಒಳಗಿನಿಂದ ಹೆಬ್ಬೆರಳ ಉಗುರಿನಷ್ಟು ತುಂಡು ತೆಗೆದು, ರೆಪ್ಪೆ ಮಗುಚಿ, ಒಳಗೆ ಕೂರಿಸಿ ಹೊಲಿದರು. ಕಣ್ಣಿನ ಅರ್ಧ ರೆಪ್ಪೆಯನ್ನೂ ಹೊಲಿದು ಮೇಲೆ ಪಟ್ಟಿ ಕಟ್ಟಿದರು. ಹೊರಗೆ ತಂದಾಗ ನನಗೆ ನೋಡಲೂ ಬರುತ್ತಿರಲಿಲ್ಲ, ಮಾತಾಡಲೂ ಬರುತ್ತಿರಲಿಲ್ಲ. ತುಟಿ ಊದಿ ಬದನೆಕಾಯಿಯಾಗಿತ್ತು.

"ಆತು ತಂಗಿ, ಎಲ್ಲಾ ಚೊಲೊ ಆತು" ಎಂದು ಅಣ್ಣ ನನ್ನ ತಲೆ ಸವರಿದ. ಕೈ ತಳ್ಳಲು ನೋಡಿದೆ. ನೋವಿಗೆ ಹೊರಳಾಡುತ್ತಿದ್ದಾಳೆ ಎಂದುಕೊಂಡು ನರ್ಸನ್ನು ಕರೆದ.

ಮುಂದಿನ ಹತ್ತು ದಿನ ಅವನು ಅಂಗಡಿಗೆ ರಜೆ ಹಾಕಿದ. ರಾಗಿ ಗಂಜಿ ತಣ್ಣಗೆ ಮಾಡಿ ಚಮಚದಿಂದ ಕುಡಿಸಿದ, ಮಜ್ಜಿಗೆ ಕುಡಿಸಿದ, ಬಾಯಿ ಮುಕ್ಕಳಿಸಿದ ನೀರನ್ನು ತಾನೇ ಬಟ್ಟಲು ಹಿಡಿದು ತೆಗೆದ. ಹೊಟ್ಟೆ ಹಸಿಯುತ್ತಿತ್ತು, ಆದ್ದರಿಂದ ಬಾಯಿ ತೆರೆಯುತ್ತಿದ್ದೆ. ನೋಡಲು ಬಂದವರು ನನ್ನ ಕಿವಿಯ ಹತ್ತಿರ ಬಾಗಿ, "ಭಾಳ ಪುಣ್ಯಾ ಮಾಡೀರಿ ನೀವು, ಇಂಥಾ ಅಣ್ಣ ಸಿಗಾಕ" ಎಂದು ಹೋಗುತ್ತಿದ್ದರು. ಅವನು ಬೇಡ ಬಿಡ್ರಿ, ನಂದೇನು ದೊಡ್ಡದು ಎನ್ನುತ್ತಿದ್ದ. ನನ್ನ ಆಯುಷ್ಯದಲ್ಲಿ ಅದಕ್ಕಿಂತ ದೊಡ್ಡ ಶಿಕ್ಷೆ ನನಗೆ ಆಗಿಲ್ಲ. ಎಡಗಣ್ಣು ಹೋದ ದಿನವೂ ಆಗಿರಲಿಲ್ಲ. ಸತ್ತ ಅವ್ವನಿಗೆ ಹೇಳಲು ನನ್ನ ಬಾಯಲ್ಲಿ ಎಷ್ಟೋ ಮಾತಿದ್ದವು, ಆ ಬಾಯಲ್ಲಿ ಅವನ ಗಂಜಿ ಇಳಿಯುತ್ತಿತ್ತು.

ಪಟ್ಟಿ ಬಿಚ್ಚಿದರು. ತುಟಿಯ ತುಂಡು ಕಣ್ಣಲ್ಲಿ ಹಿಡಿದಿತ್ತು. ರೆಪ್ಪೆಯ ಹೊಲಿಗೆ ಬಿಚ್ಚಿದ ಮೇಲೆ ಡಾಕ್ಟರಮ್ಮ ಕಾಗದದ ಪಟ್ಟಿ ಸಿಕ್ಕಿಸಿದರು. ತೆಗೆದು ನನ್ನ ಬೆರಳಿಗೆ ಮುಟ್ಟಿಸಿದರು, ತುದಿ ಒದ್ದೆಯಾಗಿತ್ತು. ತಿಂಗಳು ಕಳೆಯುವುದರಲ್ಲಿ ಹದಿನೈದು ನಿಮಿಷಕ್ಕೊಮ್ಮೆ ಹಾಕುತ್ತಿದ್ದ ಹನಿ ದಿನಕ್ಕೆ ನಾಲ್ಕು ಸಲಕ್ಕೆ ಇಳಿಯಿತು. ಗೋಡೆಯ ಕ್ಯಾಲೆಂಡರಿನ ದೊಡ್ಡ ಅಂಕಿಗಳು ಕಂಡವು, ಆಮೇಲೆ ಸಣ್ಣವೂ ಕಂಡವು. ಮಿಟುಕಿಸಿದರೆ ಉರಿಯುತ್ತಿರಲಿಲ್ಲ. ಈ ಸುಖವನ್ನು ಬರೆದು ತಿಳಿಸಲು ನನಗೆ ಬರುವುದಿಲ್ಲ. ಹದಿಮೂರು ವರ್ಷ ಚಪ್ಪಲಿಯಲ್ಲಿದ್ದ ಕಲ್ಲು ತೆಗೆದ ಹಾಗೆ ಎಂದರೆ ಅರ್ಧ ಹೇಳಿದಂತೆ.

ಎರಡನೇ ತಪಾಸಣೆಗೆ ನಾನೊಬ್ಬಳೇ ರಿಕ್ಷಾ ಹಿಡಿದು ಹೋದೆ. ಅಣ್ಣ ಬರುತ್ತೇನೆಂದ, ಬೇಡವೆಂದೆ. ಅಂದು ಡಾಕ್ಟರಮ್ಮ ಖಾರ, ಗಟ್ಟಿ ಪದಾರ್ಥ ಎಲ್ಲ ತಿನ್ನಲು ಬಿಟ್ಟರು. ಕೆಲವರಿಗೆ ಊಟ ಮಾಡುವಾಗ ಈ ಕಣ್ಣು ಸ್ವಲ್ಪ ಜಾಸ್ತಿ ಒಸರುತ್ತದೆ, ಎಷ್ಟೆಂದರೂ ಅದು ಬಾಯಿಯ ಗಂಟು, ಅಗಿಯುವುದನ್ನು ಮರೆತಿರುವುದಿಲ್ಲ, ಹೆದರಬೇಡಿ ಎಂದೂ ಹೇಳಿದರು. ದುಃಖವಾದರೆ ಬರುತ್ತದೆಯೇ ಎಂದು ಕೇಳಿದೆ. ಇಲ್ಲ, ದುಃಖದ ಗಂಟು ಬೇರೆ, ಅದು ನಿಮಗೆ ಉಳಿದಿಲ್ಲ ಎಂದರು.

ಆ ಭಾನುವಾರ ಮಧ್ಯಾಹ್ನ ಊಟಕ್ಕೆ ಕೂತೆವು. ಎಣ್ಣೆಗಾಯಿ, ಗುರೆಳ್ಳಿನ ಚಟ್ನಿ, ಬಿಸಿ ರೊಟ್ಟಿ. ಒಳಗೆ ವೈನಿ ರೊಟ್ಟಿ ಬಡಿಯುತ್ತಿದ್ದರು. ಅಣ್ಣ ನನ್ನ ಎದುರಿಗೇ ಕೂತಿದ್ದ. ಅವನ ಮೀಸೆ ಬೆಳ್ಳಗಾಗಿತ್ತು, ಕಣ್ಣಿನ ಕೆಳಗೆ ಚೀಲ ಬಂದಿದ್ದವು. ನನ್ನ ನೆನಪಿನಲ್ಲಿದ್ದವನು ಮೂವತ್ತೊಂದರ ಅಣ್ಣ. ಒಂದು ಕ್ಷಣ ಕೇಳುವುದೇ ಬೇಡ ಅನ್ನಿಸಿತು. ಆದರೂ ಕೇಳಿದೆ.

"ಅಣ್ಣಾ, ಆ ಪೊಟ್ಣದಾಗ ಏನಿತ್ತು?"

ಒಳಗೆ ರೊಟ್ಟಿ ಬಡಿಯುವ ಸದ್ದು ನಿಂತಿತು. ಅಂದರೆ ವೈನಿಗೂ ಗೊತ್ತಿತ್ತು. ಅಣ್ಣನ ಮುಖ ನಾನು ನೋಡಿದೆ. ಅದರಲ್ಲಿ ಆಶ್ಚರ್ಯ ಇರಲಿಲ್ಲ. ಬಹಳ ದಿನದಿಂದ ಬಾಗಿಲು ಬಡಿಯುತ್ತಾರೆಂದು ಕಾದು ಕೂತವನ ಮುಖ ಅದು.

"ಯಾರ ಹೇಳಿದ್ರು?"

"ನೀನ ಹೇಳಿಯಲ್ಲ, ಡಾಕ್ಟರ್‌ಗೆ. ನಾ ಅಳ್ತೀನಿ ಅಂತನೂ ಹೇಳೀಯಂತ."

ಅವನು ತಾಟಿನಲ್ಲಿದ್ದ ತುತ್ತನ್ನು ಹಾಗೇ ಬಿಟ್ಟ. "ಹೆದರಿದ್ನಿ ತಂಗಿ. ಚೀಟಿ ಇಲ್ಲದ ಕೊಟ್ಟಿದ್ನಿ. ಮಾಲಕ ಹೊರಗ ಹಾಕ್ತಿದ್ದ. ಅವ್ವ, ನೀ, ಇಕಿ, ಎಲ್ಲಾರೂ ನನ್ನ ಮ್ಯಾಲ ಇದ್ರಿ. ಇವತ್ತ ಹೇಳೂಣು, ನಾಳೆ ಹೇಳೂಣು ಅಂದ್ನಿ. ಆಮ್ಯಾಲ ನೀ ನನ್ನ ದೇವರಂಗ ನೋಡಾಕತ್ತಿದಿ. ಹೆಂಗ ಹೇಳಲಿ?"

"ನನಗ ಹೇಳೂದ ಬಿಡು. ಅವ್ವಗ?"

ಅವನು ರೊಟ್ಟಿಯ ಅಂಚನ್ನು ಚೂರುಚೂರು ಮಾಡತೊಡಗಿದ.

"ಅವ್ವ ಯಾವತ್ತೂ ಕೇಳಲಿಲ್ಲೇನು ನಿನ್ನ?"

"ಒಮ್ಮೆ ಕೇಳಿದ್ಳು." ಅವನ ದನಿ ಇಳಿಯಿತು. "ಕಡೀಕ, ದವಾಖಾನ್ಯಾಗ. ಖರೇನ ನನ್ನಿಂದ ಹೋತೇನೋ ಆಕಿ ಕಣ್ಣು, ಅಂತ ಕೇಳಿದ್ಳು."

"ನೀ ಏನಂದಿ?"

"ಆಗಿದ್ದು ಆಗಿಹೋತು ಬಿಡವ್ವಾ ಅಂದ್ನಿ."

ನಾನು ರೊಟ್ಟಿ ಮುರಿದು, ಗುರೆಳ್ಳಿನ ಚಟ್ನಿ ಹಚ್ಚಿಕೊಂಡು ಬಾಯಿಗಿಟ್ಟೆ. ಏನಾದರೂ ಅಗಿಯದಿದ್ದರೆ ಕಿರುಚುತ್ತಿದ್ದೆ. ತುಟಿಯ ಆ ಜಾಗ ಇನ್ನೂ ಜೋಮು ಹಿಡಿದಿತ್ತು. ಜೋರಾಗಿ ಅಗಿದೆ. ಅವ್ವ ಸಾಯುವ ಮುಂಚೆ ಅಷ್ಟೇ ಕೇಳಿದ್ದಳು, ಅಲ್ಲ ಎಂಬ ಒಂದು ಮಾತು ಸಾಕಿತ್ತು ಅವಳಿಗೆ. ಇವನು ಅವಳನ್ನು ಸಮಾಧಾನ ಮಾಡುವವನ ಹಾಗೆ ಮಾತಾಡಿ ಆ ಅಪರಾಧವನ್ನು ಅವಳ ಜೊತೆಗೇ ಕಟ್ಟಿ ಕಳಿಸಿದ್ದ. ಕಲ್ಲು ಎತ್ತಿ ಹಾಕಿದವಳು ನಾನು, ಅದನ್ನು ಇಳಿಸಬಲ್ಲವನು ಅವನೊಬ್ಬನೇ ಇದ್ದ.

ಅವನು ತಲೆ ಎತ್ತಿದ. ನನ್ನನ್ನೇ ನೋಡಿದ. ನೋಡುನೋಡುತ್ತ ಅವನ ಮುಖ ಸಡಿಲವಾಯಿತು, ತುಟಿ ಅದುರಿತು, ಅವನ ಎರಡೂ ಕಣ್ಣು ತುಂಬಿ ಬಂದವು. ನನ್ನ ಗಲ್ಲದ ಮೇಲೆ ಬೆಚ್ಚಗೆ ಏನೋ ಇಳಿಯುವುದು ಆಗ ನನಗೆ ಗೊತ್ತಾಯಿತು.

"ಅತ್ತಬಿಡು ತಂಗಿ," ಎಂದು ತಾಟಿನ ಮೇಲಿನಿಂದ ಕೈ ಚಾಚಿದ. "ನನ್ನ ಬೈಯಿ, ಹೊಡಿ, ಆದ್ರ ಅತ್ತ ಹಗರಾಗು. ನೀ ಅಳೂದ ನೋಡಿ ಎಷ್ಟ ವರ್ಷಾತು."

ನಾನು ಅವನ ಕೈ ಮುಟ್ಟಲಿಲ್ಲ. ಬಾಯಲ್ಲಿದ್ದದ್ದನ್ನು ಪೂರ್ತಿ ಅಗಿದು ನುಂಗಿದೆ.

"ಅಳಾಕತ್ತಿಲ್ಲಣ್ಣಾ" ಎಂದೆ. "ರೊಟ್ಟಿ ತಿನ್ನಾಕತ್ತೀನಿ."